ಅತ್ತೆಗೆ ಸೊಲ್ಲು ಹಿಡಿದ ಪೆಟ್ಟಿಗೆ

ಆ ಭಾನುವಾರ ಬೆಳಿಗ್ಗೆ ಶಹಾಪುರದ ನಮ್ಮ ಮನೆಯಲ್ಲಿ ಎಚ್ಚರವಿದ್ದವರು ನಾಲ್ಕು ಜನ. ಪಡಸಾಲೆಯ ಚಾಪೆಯ ಮೇಲೆ ನಾನು. ನನ್ನೆದುರು ಗೋಡೆಗೆ ಬೆನ್ನು ಕೊಟ್ಟು, ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು, ನನ್ನ ತಂದೆಯ ಅಕ್ಕ, ಅಂದರೆ ನನ್ನ ಸೋದರತ್ತೆ. ಬಾಗಿಲ ಬಳಿ ನನ್ನ ಗೆಳೆಯ ಭಾಯಿ. ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿ ಇಟ್ಟಿದ್ದಾನೆ. ರೇಡಿಯೊ ಬಂದರೂ ಮಿಕ್ಸರ್ ಬಂದರೂ ಮೊದಲು ಕಿವಿಗೆ ಹಿಡಿದು ಅಲುಗಾಡಿಸುತ್ತಾನೆ, ಆಮೇಲೆ ರೋಗ ಹೇಳುತ್ತಾನೆ. ಅಡುಗೆಮನೆಯಲ್ಲಿ ನನ್ನ ಹೆಂಡತಿ. ಏಳು ತಿಂಗಳ ಬಸುರಿಯಾದ ಮಗಳು ಒಳಕೋಣೆಯಲ್ಲಿ ನಿದ್ದೆಯಲ್ಲಿದ್ದಳು. ಪಡಸಾಲೆಯಲ್ಲಿ ನಮ್ಮ ಮೂವರ ನಡುವೆ, ಹೊಸ ಬೀಗರನ್ನು ಕೂರಿಸಿದ ಹಾಗೆ ಮರ್ಯಾದೆಯಿಂದ ಕೂರಿಸಿದ ಒಂದು ಮರದ ಪೆಟ್ಟಿಗೆ.

ಪೆಟ್ಟಿಗೆಯ ವಿಷಯಕ್ಕೆ ಬರುವ ಮೊದಲು ಅತ್ತೆಯ ಕಷ್ಟ ಹೇಳಬೇಕು.

ಎಂಟು ದಿನ ಬಿಟ್ಟು ಮಗಳ ಕುಬಸ, ಅಂದರೆ ಸೀಮಂತ, ಇತ್ತು. ನಮ್ಮ ಕಡೆ ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿದ ಮೇಲೆ ಎರಡೂ ಕಡೆಯ ಹೆಂಗಸರು ಎದುರುಬದುರು ಕೂತು ಬೀಗರ ಪದ ಹಾಡುತ್ತಾರೆ. ಹೆಸರಿಗೆ ಪದ, ಒಳಗೆಲ್ಲ ಬೈಗುಳ. ಅವರ ಮೂಗು ಇವರು ಹಾಡಬೇಕು, ಇವರ ಸಾರು ಅವರು ಹಾಡಬೇಕು. ನಮ್ಮೆರಡು ಮನೆಗಳ ನಡುವೆ ಅದಕ್ಕೊಂದು ಕಟ್ಟಳೆ ಬೇರೆ. ಪದ ಹೇಳುವವಳು ಉಸಿರು ತೆಗೆದುಕೊಂಡು ಮುಂದಿನ ಸಾಲು ಕಟ್ಟುವವರೆಗೆ ಅವಳ ಕಡೆಯವರು ಧಾಟಿ ಎಳೆಯುತ್ತಿರಬೇಕು. ಇದಕ್ಕೆ ಸೊಲ್ಲು ಹಿಡಿಯುವುದು ಅನ್ನುತ್ತಾರೆ. ಸೊಲ್ಲು ಓಡುತ್ತಿರುವವರೆಗೂ ಪಾಳಿ ಜೀವಂತ. ಸೊಲ್ಲು ನಿಂತು ಪದವೂ ಬರಲಿಲ್ಲವೋ, ಸೋತಿರಿ.

ಈ ಸಲ ಸೋತರೆ ಬರೀ ನಗೆಪಾಟಲಲ್ಲ. ಮಗಳ ಮದುವೆಯ ದಿನವೇ ಅತ್ತೆಯೂ ಅಳಿಯನ ಅಜ್ಜಿಯೂ ಊಟದ ಪಂಕ್ತಿಯಲ್ಲಿ ಕೂತು ಮಾತು ಕಟ್ಟಿಕೊಂಡಿದ್ದರು: ಕುಬಸದಲ್ಲಿ ಗೆದ್ದವಳು ತೊಟ್ಟಿಲ ಕಾರ್ಯದಲ್ಲಿ ಮೊದಲ ಜೋಗುಳ ಹಾಡಬೇಕು. ಸೋತವಳು ಎರಡನೆಯದು. ಅತ್ತೆಗೆ ಸ್ವಂತ ಮಕ್ಕಳಿಲ್ಲ. ನನ್ನನ್ನೂ ನನ್ನ ಮಗಳನ್ನೂ ತೂಗಿದ್ದು ಅವಳೇ. ಮೂರನೆಯ ತಲೆಮಾರಿನ ಕಿವಿಗೆ ಮೊದಲು ಬೀಳುವುದು ತನ್ನ ಹಾಡೇ ಆಗಬೇಕೆಂದು ಅವಳು ಎಂದೋ ನಿಶ್ಚಯ ಮಾಡಿಕೊಂಡಿದ್ದಳು. ಯಾವ ಜೋಗುಳ, ಎಷ್ಟು ನುಡಿ, ಎಲ್ಲಿ ಎಳೆಯಬೇಕು, ಎಲ್ಲವೂ ತಯಾರಾಗಿತ್ತು. ಮಗು ಒಂದೇ ಬಾಕಿ.

ಅಷ್ಟರಲ್ಲಿ ಅತ್ತೆಯ ಗಂಟಲು ಕೂತಿತು. ಡಾಕ್ಟರು ನೋಡಿ, ಬಿಸಿನೀರು ಕುಡಿಯಿರಿ, ಒಂದು ತಿಂಗಳು ಉಸಿರು ಕಟ್ಟಿ ಹಾಡಬೇಡಿ ಅಂದರು. ಒಂದೊಂದು ಪದ ಹೇಳುವಷ್ಟು ದನಿ ಇತ್ತು, ಆದರೆ ಪದ ಪದದ ನಡುವೆ ಉದ್ದನೆಯ ವಿಶ್ರಾಂತಿ ಬೇಕಿತ್ತು. ಅಂದರೆ ಸೊಲ್ಲು ಹಿಡಿಯುವವರು ಗಟ್ಟಿಗರಾಗಿರಬೇಕು. ಅತ್ತೆಯ ಕಡೆ ಸೊಲ್ಲು ಹಿಡಿಯುತ್ತಿದ್ದ ಇಬ್ಬರಲ್ಲಿ ಒಬ್ಬಳು ಮೊಣಕಾಲಿನ ಆಪರೇಷನ್ನಿಗೆ ಯಾದಗಿರಿಯಲ್ಲಿ ಮಲಗಿದ್ದಳು. ಇನ್ನೊಬ್ಬಳಿಗೆ ಹೊಸ ಹಲ್ಲಿನ ಸೆಟ್ಟು ಬಂದು, ಬಾಯಿ ತೆರೆದರೆ ಹಾಡಿಗಿಂತ ಮೊದಲು ಸೀಟಿ ಬರುತ್ತಿತ್ತು. ಓಣಿಯ ಹೊಸ ಸೊಸೆಯರಿಗೆ ಧಾಟಿ ಗೊತ್ತಿಲ್ಲ. ಆ ಕಡೆ ಸುರಪುರದ ಬೀಗಿತ್ತಿ, ಅಂದರೆ ಅಳಿಯನ ಅಜ್ಜಿಯ ದನಿಯೋ, ಅವರು ಮನೆಯೊಳಗೆ ಮೊಮ್ಮಗನನ್ನು ಊಟಕ್ಕೆ ಕರೆದರೆ ಗುಡ್ಡದಾಚೆ ಎಮ್ಮೆ ಕಾಯುವವರೂ ಬುತ್ತಿ ಬಿಚ್ಚುತ್ತಾರೆಂದು ಸುದ್ದಿ.

ಈ ಗೋಳನ್ನು ನಾನು ಭಾಯಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಹೇಳಿಕೊಂಡೆ. ಅವನು ಗ್ಲಾಸು ಕೆಳಗಿಟ್ಟು, "ಸೊಲ್ಲ ಹಿಡಿಯಾಕ ಮನಷ್ಯಾನೇ ಯಾಕ ಬೇಕು ಸಾಹೇಬ್ರ? ನನ್ನ ಹತ್ರ ಒಂದ್ ಚೀಜ್ ಅದ," ಅಂದ.

ಹೈದರಾಬಾದಿನಲ್ಲಿ ಯಾವುದೋ ಹಾಡಿನ ಸ್ಟುಡಿಯೊ ಮುಚ್ಚಿದಾಗ, ಹಳೆಯ ಸಾಮಾನಿನ ವ್ಯಾಪಾರ ಮಾಡುವ ಅವನ ಹೆಂಡತಿಯ ತಮ್ಮನಿಗೆ ಸಿಕ್ಕ ಪೆಟ್ಟಿಗೆ ಅದು. ಮಾಡ್ಯುಲರ್ ಸಿಂಥಸೈಜರ್ ಅನ್ನುತ್ತಾರಂತೆ. ಮೂರು ವರ್ಷದಿಂದ ಭಾಯಿ ಅದರ ಮೇಲೆ ಅಂಗಡಿಯ ಟಿಫಿನ್ ಡಬ್ಬಿ ಇಡುತ್ತಿದ್ದ. ಮುಖದ ತುಂಬ ತೂತು, ತಿರುಗಣಿ, ಪುಟ್ಟ ದೀಪ. ಸ್ವರ ಹುಟ್ಟಿಸುವ ಭಾಗ ಒಂದು. ಆ ಸ್ವರವನ್ನು ಸೋಸುವ ಭಾಗ ಇನ್ನೊಂದು. ಎಂಟು ತಿರುಗಣಿ, ಎಂಟು ದೀಪ ಸಾಲಾಗಿ ಇರುವ ಭಾಗ ಮತ್ತೊಂದು. ಅದಕ್ಕೆ ಸೀಕ್ವೆನ್ಸರ್ ಎಂದು ಹೆಸರು. ಒಂದಕ್ಕೂ ಇನ್ನೊಂದಕ್ಕೂ ಹುಟ್ಟಿನಿಂದ ಸಂಬಂಧವಿಲ್ಲ. ತೂತಿನಿಂದ ತೂತಿಗೆ ವೈರು ಸಿಕ್ಕಿಸಿ ನಾವೇ ನಂಟು ಬೆಳೆಸಬೇಕು. ಸರಿಯಾಗಿ ಸಿಕ್ಕಿಸಿದರೂ ಹಾಡುತ್ತದೆ, ತಪ್ಪು ಸಿಕ್ಕಿಸಿದರೂ ಹಾಡುತ್ತದೆ. ಅದೇ ಅದರ ಗುಣ, ಅದೇ ಅದರ ಅವಗುಣ.

ಹೀಗೆ ಪೆಟ್ಟಿಗೆ ಆ ಭಾನುವಾರ ನಮ್ಮ ಪಡಸಾಲೆಗೆ ಬಂದು ಕೂತಿತ್ತು. ಅತ್ತೆ ಅದನ್ನು ಹತ್ತಿರದಿಂದ ನೋಡಿ, "ಏನೋ ತಮ್ಮಾ, ಇದಕ್ಕ ಇಷ್ಟು ತೂತು? ಇಲಿ ಕಡದಾವೇನು?" ಅಂದಳು.

ನಾನು ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುವವನು. ದಿನಾ ಭೀಮರಾಯನಗುಡಿಯ ಬಸ್ಸು ಹತ್ತುತ್ತೇನೆ. ಯಾವ ತೂಬಿಗೆ ಯಾವ ದಿನ ನೀರು ಎಂಬ ಪಾಳಿಯ ಪಟ್ಟಿ ಬರೆಯುವುದೇ ನನ್ನ ಅನ್ನ. ಆದ್ದರಿಂದ ನನಗೆ ಬಂದ ರೀತಿಯಲ್ಲೇ ಹೇಳಿದೆ. "ಅತ್ತಿ, ಇದು ನಮ್ಮ ಕಾಲುವಿ ಇದ್ದಂಗ. ಈ ವೈರಿನಾಗ ಕರೆಂಟು ನೀರಿನಂಗ ಹರೀತದ. ಈ ಎಂಟು ತಿರುಗಣಿ ಎಂಟು ತೂಬು. ಒಂದನೇದು ತೆರೀತದ, ಒಂದು ಸ್ವರ. ಅದು ಮುಚ್ಚಿ ಎರಡನೇದು ತೆರೀತದ, ಇನ್ನೊಂದು ಸ್ವರ. ಎಂಟಕ್ಕ ಮುಟ್ಟಿ ಮತ್ತ ಒಂದಕ್ಕ ಬರ್ತದ. ತೂಬು ಎಷ್ಟು ತಿರುವಿದ್ರ ಅಷ್ಟು ಎತ್ತರದ ಸ್ವರ."

"ಅಂದ್ರ ನೀರು ಮುಟ್ಟಲಾರದ ಎಂಟನೇ ತೂಬಿನವರು ಯಾವಾಗ್ಲೂ ಬೈತಿರ್ತಾರ."

ಅತ್ತೆ ಹೇಳಿದ್ದು ಅಕ್ಷರಶಃ ಖರೆಯಾಯಿತು. ಎಂಟನೆಯ ತಿರುಗಣಿ ಸವೆದುಹೋಗಿತ್ತು, ಎಷ್ಟು ತಿರುವಿದರೂ ಸ್ವರ ಕೆಳಗೇ ಜಾರುತ್ತಿತ್ತು. ಭಾಯಿ ಅದಕ್ಕೆ ಹೊರಗಿನಿಂದ ಒಂದು ವೈರು ಕೊಟ್ಟು ಒತ್ತಡ ಏರಿಸಿದ. ಅತ್ತೆ ಗುನುಗಿದ ಹಾಗೆ ಒಂದೊಂದೇ ತಿರುಗಣಿ ತಿರುಗಿಸಿ, ಧಾಟಿಯ ಎಂಟು ಸ್ವರ ಕೂರಿಸಲು ನಮಗೆ ಮಧ್ಯಾಹ್ನವಾಯಿತು. ಅತ್ತೆ ಆ ಧಾಟಿ ಕಲಿತದ್ದು ಚಿಕ್ಕವಳಿದ್ದಾಗ, ಕೊಡೇಕಲ್ಲಿನ ಜಾತ್ರೆಗೆ ನಡೆದು ಹೋಗುವ ಹೆಂಗಸರ ಹಿಂದೆ ನಡೆಯುತ್ತ. ಈಗ ಅದೇ ಧಾಟಿ ಪೆಟ್ಟಿಗೆಯಿಂದ ಬಂದಾಗ ಅವಳು ಬಾಯಿ ತೆರೆದು ಕೂತಳು. ಸ್ವಲ್ಪ ಹೊತ್ತು. ಆಮೇಲೆ ಮುಚ್ಚಿದಳು. ಯಾಕೆಂದರೆ ಪೆಟ್ಟಿಗೆ ಮುಚ್ಚಲಿಲ್ಲ. ಅದೇ ಎಂಟು, ಅದೇ ಎಂಟು, ಅದೇ ಎಂಟು.

"ಹಾಡಿದ್ದೇ ಹಾಡಾಂವ ಕಿಸಬಾಯಿ ದಾಸ ಅಂತಾರಲ್ಲ, ಇವನೇ ನೋಡು," ಅಂದಳು. ಅಂದಿನಿಂದ ಪೆಟ್ಟಿಗೆಯ ಹೆಸರು ಕಿಸಬಾಯಿ.

ಧಾಟಿ ಕೂತಿತು, ಆದರೆ ಅತ್ತೆಯೊಂದಿಗೆ ಕೂಡಲಿಲ್ಲ. ಕಿಸಬಾಯಿಯ ನಡಿಗೆ ಗಡಿಯಾರದ್ದು. ಅತ್ತೆಯ ನಡಿಗೆ ಎತ್ತಿನದು. ಏರಿನಲ್ಲಿ ನಿಧಾನ, ಇಳಿಜಾರಿನಲ್ಲಿ ಓಟ, ಹಸಿರು ಕಂಡರೆ ನಿಲ್ಲುವುದು. ಅವಳು ಒಂದು ಮಾತು ಎಳೆದಾಗ ಪೆಟ್ಟಿಗೆ ಮುಂದೆ ಹೋಗಿರುತ್ತಿತ್ತು.

"ನಿಂದ್ರಲೇ! ಉಸುರು ಹಿಡಿಯಾಕ ಬಿಡು!"

"ಅತ್ತಿ, ಅದಕ್ಕ ಕಿವಿ ಇಲ್ಲ."

"ಕಿವಿ ಇಲ್ದಾಂವ ಹಾಡಾಕ ಯಾಕ ಬರಬೇಕು?"

ಭಾಯಿ ತಲೆ ಕೆರೆದು, ನಡಿಗೆಯನ್ನು ಮೆತ್ತಗೆ ಮಾಡೋಣವೆಂದು, ಅಲೆಯ ಹಾಗೆ ಏರಿಳಿಯುವ ಇನ್ನೊಂದು ಭಾಗದಿಂದ ವೈರು ಎಳೆದು ತಂದ. ನಡಿಗೆಯ ತೂತಿಗೆ ಸಿಕ್ಕಿಸುವ ಬದಲು ಸ್ವರದ ತೂತಿಗೆ ಸಿಕ್ಕಿಸಿದ. ಕಿಸಬಾಯಿ ಆಡಿನ ಹಾಗೆ ನಡುಗುತ್ತ ಅರಚತೊಡಗಿತು. ಹಿತ್ತಲಿನಾಚೆ ಪಕ್ಕದ ಮನೆಯ ನಿಜವಾದ ಆಡು ಉತ್ತರ ಕೊಟ್ಟಿತು. ಎರಡೂ ಸ್ವಲ್ಪ ಹೊತ್ತು ಸುಖದುಃಖ ಮಾತಾಡಿಕೊಂಡವು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಯಾವಾಗ ತಂದ್ರಿ ಆಡು? ಹೋತೇನ್ರಿ?" ಎಂದು ಕೇಳಿದಳು. ಭಾಯಿ ತಲೆ ತಗ್ಗಿಸಿ ವೈರು ಕಿತ್ತ.

"ನಕ್ಕೊ ಸಾಹೇಬ್ರ, ಬ್ಯಾಡ, ಇದು ನಮ್ಮ ಕೈಲಿ ಆಗೂದಿಲ್ಲ," ಅಂದ.

ಅವನು ವೈರು ಸುತ್ತಿ ಎತ್ತಿಡತೊಡಗಿದ. ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ತಟ್ ತಟ್ ತಟ್. ಅತ್ತೆ ತನಗೆ ಗೊತ್ತಿಲ್ಲದೆಯೇ ಗುನುಗತೊಡಗಿದಳು. ಹೆಂಡತಿ ಹಿಟ್ಟು ಉದುರಿಸಲು ಕೈ ನಿಲ್ಲಿಸಿದಳು. ಅತ್ತೆ ಸ್ವರ ಹಿಡಿದು ನಿಂತಳು. ಹೆಂಡತಿ ರೊಟ್ಟಿಯ ಅಂಚಿಗೆ ಬಂದು ಬೇಗ ಬೇಗ ಬಡಿದಳು, ಅತ್ತೆಯೂ ಓಡಿದಳು. ನಾನು ಭಾಯಿಯ ಮುಖ ನೋಡಿದೆ, ಭಾಯಿ ನನ್ನ ಮುಖ ನೋಡಿದ. ಈ ಪದಗಳೆಲ್ಲ ಹುಟ್ಟಿದ್ದೇ ಒಲೆಯ ಮುಂದೆ, ಬೀಸುವ ಕಲ್ಲಿನ ಮುಂದೆ. ಗಡಿಯಾರದ ಮುಂದೆ ಯಾರು ಹಾಡಿದ್ದಾರೆ?

ಭಾಯಿ ಅಂಗಡಿಗೆ ಓಡಿ, ತೆರೆದರೆ ಹಾಡುವ ಹುಟ್ಟುಹಬ್ಬದ ಕಾರ್ಡೊಂದನ್ನು ಹರಿದು ಅದರೊಳಗಿನ ಹಿತ್ತಾಳೆ ಬಿಲ್ಲೆ ತಂದ. ಅದಕ್ಕೆ ಏಟು ಬಿದ್ದರೆ ಚೂರು ಕರೆಂಟು ಹುಟ್ಟುತ್ತದೆ. ಬಿಲ್ಲೆಯನ್ನು ರೊಟ್ಟಿ ಬಡಿಯುವ ಹಲಗೆಯ ಅಡಿಗೆ ಗಾಯದ ಪಟ್ಟಿಯಿಂದ ಅಂಟಿಸಿ, ಉದ್ದನೆಯ ವೈರನ್ನು ಚಾಪೆಯ ಕೆಳಗಿಂದ ಪಡಸಾಲೆಗೆ ತಂದು, ಸೀಕ್ವೆನ್ಸರಿನ ನಡಿಗೆಯ ತೂತಿಗೆ ಸಿಕ್ಕಿಸಿದೆವು. ಇನ್ನು ಒಂದು ಏಟಿಗೆ ಒಂದು ತೂಬು. ಕೈ ನಿಂತರೆ ಪೆಟ್ಟಿಗೆ ಅದೇ ಸ್ವರದ ಮೇಲೆ ನಿಲ್ಲುತ್ತದೆ. ಕೈ ಓಡಿದರೆ ಅದೂ ಓಡುತ್ತದೆ.

"ಭಾಬೀರ, ಒಂದ್ ರೊಟ್ಟಿ ಬಡೀರಿ," ಅಂದ ಭಾಯಿ.

ಹೆಂಡತಿ ಬಡಿದಳು. ಕಿಸಬಾಯಿ ಹಾಡಿತು. ಅತ್ತೆ ಪದ ಎತ್ತಿಕೊಂಡಳು. ಮೊದಲ ಸಲ ಮೂವರೂ ಒಂದೇ ದಾರಿಯಲ್ಲಿ ನಡೆದರು. ಅತ್ತೆಯ ಕಣ್ಣಲ್ಲಿ ನೀರು. ಭಾಯಿಯ ಕಣ್ಣಲ್ಲೂ ನೀರು. ಅವನಿಗೆ ಹಿತ್ತಾಳೆ ಬಿಲ್ಲೆಗೆ ಬೆಸುಗೆ ಹಾಕುವಾಗ ಬೆರಳು ಸುಟ್ಟಿತ್ತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ವೈರು ಸಿಕ್ಕಿಸುವ ಚಟ ಒಮ್ಮೆ ಹತ್ತಿದರೆ ಎಲೆ ಅಡಿಕೆಯ ಹಾಗೆ. ಬೀದಿದೀಪ ಸಂಜೆಗೆ ತಾನೇ ಹತ್ತಿಕೊಳ್ಳುವಂತೆ ಮಾಡುವ ಸಣ್ಣ ಬೆಳಕಿನ ಕಣ್ಣೊಂದು ಭಾಯಿಯ ಡಬ್ಬಿಯಲ್ಲಿತ್ತು. ಅದನ್ನು ಗ್ಯಾಸಿನ ಒಲೆಗೆ ಮುಖ ಮಾಡಿ ಗೋಡೆಗೆ ಕಟ್ಟಿ, ಸ್ವರ ಸೋಸುವ ಭಾಗಕ್ಕೆ ಜೋಡಿಸಿದೆವು. ರೊಟ್ಟಿ ಬೇಯಿಸುವ ಹಂಚು ಉರಿಯ ಮೇಲಿದ್ದಾಗ ಬೆಳಕು ಕಮ್ಮಿ, ಸ್ವರ ಬಾಯಿ ಮುಚ್ಚಿ ಗುನುಗಿದ ಹಾಗೆ. ಹಂಚು ಸರಿಸಿ ರೊಟ್ಟಿಯನ್ನು ನೇರ ಉರಿಗೆ ಹಿಡಿದಾಗ ಕಣ್ಣಿಗೆ ಬೆಳಕು ಬಿದ್ದು ಸ್ವರ "ವಾಆಆ" ಎಂದು ಅಗಲವಾಗಿ ಬಾಯಿ ತೆರೆಯುತ್ತಿತ್ತು. ರೊಟ್ಟಿ ಉಬ್ಬಿದಾಗಲೆಲ್ಲ ಪಡಸಾಲೆಯಿಂದ ಶಭಾಷ್‌ಗಿರಿ!

ಆ ವಾರ ನಮ್ಮ ಮನೆಯಲ್ಲಿ ಬಡಿದ ರೊಟ್ಟಿಗೆ ಮಿತಿಯಿಲ್ಲ. ಅತ್ತೆಗೆ ತಾಲೀಮು ಬೇಕು, ತಾಲೀಮಿಗೆ ರೊಟ್ಟಿ ಬೇಕು. ಬಳಿಚಕ್ರದಿಂದ ತರಿಸಿದ ಬಿಳಿಜೋಳ ಹಬ್ಬದವರೆಗೆ ಬರಬೇಕಾದದ್ದು ನಾಲ್ಕೇ ದಿನಕ್ಕೆ ತಳ ಕಂಡಿತು. ಓಣಿಗೆಲ್ಲ ಹಂಚಿದೆವು. ಭಾಯಿಯ ಮನೆಗೆ ಮೂರು ದಿನ ಕಳಿಸಿದೆವು. ನಾಲ್ಕನೆಯ ದಿನ ಅವನ ಹೆಂಡತಿ ಡಬ್ಬಿಯನ್ನು ಹಾಗೇ ತಿರುಗಿಸಿ ಕಳಿಸಿ, "ನಮ್ಮ ಮನ್ಯಾಗೂ ಒಲಿ ಅದ" ಎಂದು ಹೇಳಿ ಕಳಿಸಿದಳು.

ಹೆಂಡತಿಯ ಸಹನೆಯೂ ತಳ ಕಂಡಿತು. "ನಾ ಏನ್ ರೊಟ್ಟಿ ಬಡಿಲೋ, ನಿಮ್ಮ ಡಬ್ಬಿ ಓಡಸಲೋ? ಉಳ್ಳಾಗಡ್ಡಿ ಹೆಚ್ಚಿದ್ರ ಓಡೂದಿಲ್ಲೇನು ಅದು?"

"ಉಳ್ಳಾಗಡ್ಡಿಗೆ ತಾಳ ಇಲ್ಲ," ಅಂದಳು ಅತ್ತೆ.

ಇನ್ನೊಂದು ತೊಂದರೆ. ಹೆಂಡತಿಗೆ ನನ್ನ ಮೇಲೆ ಸಿಟ್ಟು ಬಂದರೆ ರೊಟ್ಟಿಗೆ ಬೀಳುವ ಏಟು ಓಡುತ್ತದೆ. ಈಗ ಅದು ಪೆಟ್ಟಿಗೆಗೆ ಜೋಡಿಸಿದ ಸ್ಪೀಕರಿನಲ್ಲಿ ಬೀದಿಗೆ ಕೇಳುತ್ತಿತ್ತು. ಒಂದು ಸಂಜೆ ನಾನು ಬಸ್ಸಿನಿಂದ ಇಳಿದು ಓಣಿ ಹೊಕ್ಕರೆ ಕಿರಾಣಿ ಅಂಗಡಿಯವನು ಕೂಗಿ ಎಚ್ಚರಿಸಿದ: "ಸ್ವಲ್ಪ ತಡದು ಹೋಗ್ರಿ ಸಾಹೇಬ್ರ, ನಿಮ್ಮ ಮನ್ಯಾಗ ಧಾಟಿ ಭಾಳ ಜೋರ್ ಅದ."

ಕುಬಸದ ದಿನ ಸುರಪುರದಿಂದ ಜೀಪು ತುಂಬ ಬೀಗರು ಬಂದರು. ಬೀಗಿತ್ತಿ ಮೊದಲು ಇಳಿದರು, ಜೀಪು ನಿಟ್ಟುಸಿರು ಬಿಟ್ಟು ನಾಲ್ಕು ಬೆರಳು ಮೇಲೆದ್ದಿತು. ಮಗಳನ್ನು ಕೂರಿಸಿ, ಬಳೆ ತೊಡಿಸಿ, ಉಡಿ ತುಂಬಿದ್ದಾಯಿತು. ಗಂಡಸರೆಲ್ಲ ಕಟ್ಟೆಗೆ ಹೋದರು; ನಾನೂ ಭಾಯಿಯೂ ಮಾತ್ರ ಪೆಟ್ಟಿಗೆಯ ಪಕ್ಕ, ಪಡಸಾಲೆಯ ಮೂಲೆಯಲ್ಲಿ ಉಳಿದೆವು. ಅದಕ್ಕೆ ಹಸಿರು ಕುಬಸದ ಬಟ್ಟೆಯೊಂದನ್ನು ಹೊದಿಸಿದ್ದಳು ಅತ್ತೆ.

"ಏನವ್ವಾ ಇದು ಮೂಲ್ಯಾಗ? ಇದಕ್ಕೂ ಕುಬಸ ಮಾಡ್ಲಾಕತ್ತೀರೇನು?" ಅಂದರು ಬೀಗಿತ್ತಿ.

"ಶ್ರುತಿ ಪೆಟ್ಟಿಗಿ. ನನ್ನ ಕಡಿ ಸೊಲ್ಲು ಹಿಡೀತದ," ಅಂದಳು ಅತ್ತೆ. "ಮನಷ್ಯಾರೇ ಹಿಡೀಬೇಕಂತ ಮಾತಾಗಿಲ್ಲ."

"ಹಿಡೀಲಿ ಹಿಡೀಲಿ. ಪೆಟ್ಟಿಗಿ ಹಿಡದ್ರೂ ಅಷ್ಟೇ, ಪರಮಾತ್ಮ ಹಿಡದ್ರೂ ಅಷ್ಟೇ," ಎಂದು ಬೀಗಿತ್ತಿ ಕಾಲು ಮಡಚಿ ಕೂತರು. ಅವರ ಹಿಂದೆ ಆರು ಜನ ಹೆಂಗಸರು ಸೊಲ್ಲು ಹಿಡಿಯಲು ಸಾಲಾಗಿ ಕೂತರು.

ಅಡುಗೆಮನೆಯಲ್ಲಿ ರೊಟ್ಟಿಯ ಏಟು ಶುರುವಾಯಿತು. ಕಿಸಬಾಯಿ ಎದ್ದಿತು. ಅತ್ತೆ ಕೊರಳಿನ ಬಟ್ಟೆ ಸಡಿಲಿಸಿ ಮೊದಲ ಪದ ಎಸೆದಳು:

ಬಂದಾರ ಬೀಗರು ಜೀಪಿನ ತುಂಬೆಲ್ಲ
ತಂದಾರ ನೋಡ ಹುಣಸಿಯ ಒಂದ ಕಾಯಿ
ಅದರಾಗ ಅರ್ಧ ತಾವ ತಿಂದಾರ

ಬೀಗಿತ್ತಿಯ ಹಿಂದಿನ ಆರು ಜನ ಸೊಲ್ಲು ಎತ್ತಿದರು, ಎರಡು ಸುತ್ತು ಮುಗಿಯುವುದರೊಳಗೆ ಉತ್ತರ ಬಂತು. ದನಿಗೆ ಮಾಡಿನ ಹಲ್ಲಿ ಜಾಗ ಬದಲಿಸಿತು:

ಶಹಾಪುರ ಬೀಗರ ಮನಿಯೂಟ ಏನ್ ಹೇಳ್ಲಿ
ಇಪ್ಪತ್ತು ಮಂದಿಗೆ ಒಂದ ಬದನೀಕಾಯಿ
ಎಣ್ಣಿಗಾಯಿ ಮಾಡಿ ಬಡಿಸ್ಯಾರ

ಕಿಸಬಾಯಿ ಸೊಲ್ಲು ಹಿಡಿದಿತ್ತು. ಅತ್ತೆ ಬಿಸಿನೀರು ಗುಟುಕರಿಸಿ, ಎದೆ ನೀವಿಕೊಂಡು, ಆರಾಮಾಗಿ ಎರಡು ರೊಟ್ಟಿಯಷ್ಟು ಹೊತ್ತು ತೆಗೆದುಕೊಂಡು ಹಾಡಿದಳು:

ಅಳಿಯನ ಮೂಗವ್ವ ಗುಡ್ಡದ ಕೋಡಂಗ
ಮಗಿಗಿ ಬಂದೀತು ಆ ಮೂಗು, ಬಂದರ
ತೊಟ್ಟಿಲಕ ಕಿಟಕಿ ಕೊರಸೀರಿ

ಅಳಿಯ ಕಟ್ಟೆಯ ಮೇಲೆ ಮೂಗು ಮುಟ್ಟಿಕೊಂಡನಂತೆ. ಹೀಗೆ ಏಳೆಂಟು ಪದ ಆಯಿತು. ನಮ್ಮ ಯೋಜನೆ ತೂಬಿನ ನೀರಿನ ಹಾಗೆ ಸರಾಗ ಹರಿಯುತ್ತಿತ್ತು.

ಆಗ ಬೀಗಿತ್ತಿ ತಮ್ಮ ಪದ ಮುಗಿಸಿ ನೀರು ಕುಡಿಯಲು ಅಡುಗೆಮನೆಗೆ ಎದ್ದು ಹೋದರು.

ನಮ್ಮ ಕಡೆ ಒಂದು ರೂಢಿ ಇದೆ. ಅದನ್ನು ನಾನೂ ಭಾಯಿಯೂ ಇಷ್ಟು ವೈರು ಎಳೆಯುವಾಗ ಮರೆತೇ ಹೋಗಿದ್ದೆವು. ಇನ್ನೊಬ್ಬಳು ಒಬ್ಬಳೇ ಕೂತು ರೊಟ್ಟಿ ಬಡಿಯುತ್ತಿದ್ದರೆ, ಅದನ್ನು ಕಂಡ ಹೆಂಗಸು ಸುಮ್ಮನೆ ತಿರುಗಿ ಬರುವುದಿಲ್ಲ. ಕೈ ಹಚ್ಚಲೇಬೇಕು. ಅದರಲ್ಲೂ ಕುಬಸದ ದಿನ ಬಸುರಿಯ ತಾಯಿ ಒಲೆಯ ಮುಂದೆ!

ಒಳಗಿನ ಮಾತು ನನಗೆ ಸ್ಪಷ್ಟ ಕೇಳಿಸಿತು.

"ಅಯ್ಯ, ಹಡದವ್ವ ಮಗಳ ಬಾಜೂ ಕೂಡೂದು ಬಿಟ್ಟು ಇಲ್ಲಿ ಕುಂತೀದಿ? ಏಳು, ನಾ ಬಡೀತೀನಿ."

"ಬ್ಯಾಡ್ರಿ, ಇನ್ನ ನಾಕೇ ಅದಾವ."

"ನಾಕೇ ಇದ್ರ ನಾನೇ ಬಡೀತೀನಿ, ಏಳು."

"ಹಿಟ್ಟು ಸ್ವಲ್ಪ ಜಿಗಟ ಅದ್ರೀ, ನಿಮಗ ತ್ರಾಸಾಗ್ತದ."

"ನನಗ ಹಿಟ್ಟಿನ ತ್ರಾಸಾ? ಏಳವ್ವ ತಾಯಿ, ಏಳು!"

ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಮಗಳ ಪಕ್ಕ ಕೂತಳು. ನನ್ನ ಕಡೆ ನೋಡಿದ ನೋಟ ಮಾತ್ರ ಇಂದಿಗೂ ನೆನಪಿದೆ. ಒಳಗೆ ಏಟು ಮತ್ತೆ ಶುರುವಾಯಿತು. ಆದರೆ ಈಗ ಅದು ಸುರಪುರದ ಏಟು. ದಪ್ಪ, ಭಾರ, ಬಿಗಿ. ಕಿಸಬಾಯಿ ಬೆಚ್ಚಿಬಿದ್ದ ಹಾಗೆ ಹೆಜ್ಜೆ ಹಾಕತೊಡಗಿತು. ಅತ್ತೆ ಅಡುಗೆಮನೆಯ ಬಾಗಿಲಿಗೂ ಮಗಳ ಮಣೆಗೂ ಬೆನ್ನು ಮಾಡಿ ಕೂತಿದ್ದಳು. ಹೆಂಡತಿ ಹೊರಬಂದದ್ದು ಅವಳಿಗೆ ಕಾಣಲಿಲ್ಲ. "ಸೊಸಿಗಿ ಇವತ್ತು ಹುರುಪು ಬಂದದ," ಎಂದು ತಲೆದೂಗಿದಳು.

ಭಾಯಿ ನನ್ನ ಕಿವಿಯಲ್ಲಿ, "ಸಾಹೇಬ್ರ, ನಮ್ಮ ತೂಬಿನ ಕೀಲಿ ದುಶ್ಮನ್ ಕೈಯಾಗ ಹೋಯ್ತು," ಅಂದ.

ನಾನು ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಸರಿದೆ. ಬೀಗಿತ್ತಿ ಒಂದು ಏಟು ಹಾಕಿದರು, ಪಡಸಾಲೆಯಲ್ಲಿ ಸ್ವರ ಬದಲಾಯಿತು. ಕೈ ನಿಲ್ಲಿಸಿದರು, ಸ್ವರ ನಿಂತಿತು. ತಲೆ ಓರೆ ಮಾಡಿ ಕೇಳಿದರು. ಎರಡು ಏಟು. ಎರಡು ಸ್ವರ. ಹಲಗೆಯನ್ನು ಒಂದು ಕಡೆ ಎತ್ತಿ ಕೆಳಗೆ ನೋಡಿದರು. ಬಿಲ್ಲೆ ಕಂಡಿತು, ವೈರು ಕಂಡಿತು, ವೈರಿನ ದಾರಿ ಹಿಡಿದು ಬಂದ ಅವರ ಕಣ್ಣಿಗೆ ಬಾಗಿಲಲ್ಲಿ ನಾನು ಕಂಡೆ.

ನಾನು ಕೈ ಮುಗಿದೆ. ಬೇರೇನು ಮಾಡಲು ತೋಚಲಿಲ್ಲ.

ಅವರಿಗೆ ಎಲ್ಲ ತಿಳಿಯಿತು. ಅವರು ಕೈ ಎತ್ತಿ ಮಡಿಲಲ್ಲಿಟ್ಟುಕೊಂಡರೆ ಮುಗಿಯಿತು. ಕಿಸಬಾಯಿ ನಿಲ್ಲುತ್ತದೆ, ಅತ್ತೆಯ ಪಾಳಿ ಸಾಯುತ್ತದೆ, ಮೊದಲ ಜೋಗುಳ ಸುರಪುರಕ್ಕೆ. ಪಡಸಾಲೆಯಲ್ಲಿ ಆಗ ಅತ್ತೆಯದೇ ಪಾಳಿ. ಅವಳು ಬಾಯಿ ತೆರೆದರೆ ದನಿ ಬರಲಿಲ್ಲ. ಕೆಮ್ಮು ಬಂತು. ಕೈಸನ್ನೆ ಮಾಡಿ, ಸೊಲ್ಲು ನಡೆಯಲಿ, ಸೊಲ್ಲು ನಡೆಯಲಿ ಅನ್ನುತ್ತಿದ್ದಳು.

ಬೀಗಿತ್ತಿಯ ಕೈ ಗಾಳಿಯಲ್ಲಿ ನಿಂತಿತು. ಅವರ ತುಟಿಯ ಮೇಲೆ ಗೆದ್ದ ನಗೆ ಮೂಡುವುದನ್ನೂ ನಾನು ನೋಡಿದೆ. ಆಮೇಲೆ ಅವರ ಕಣ್ಣು ಹಲಗೆಯ ಮೇಲೆ ಬಿತ್ತು. ರೊಟ್ಟಿ ಅರ್ಧ ಅಗಲವಾಗಿತ್ತು. ಜೋಳದ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟರೆ ಅಂಚು ಒಣಗಿ ಬಿರಿಯುತ್ತದೆ. ಬಿರಿದ ರೊಟ್ಟಿ ಬಡಿದವಳೆಂಬ ಮಾತು, ಅದೂ ಬೀಗರ ಮನೆಯಲ್ಲಿ, ಅದೂ ಅಂಥ ಬಿಳಿಜೋಳದ ಹಿಟ್ಟಿನಲ್ಲಿ!

"ಸುಡ್ಲಿ," ಎಂದು ಬೀಗಿತ್ತಿ ಬಡಿದರು. ತಟ್ ತಟ್ ತಟ್ ತಟ್. ಕೈ ತಿರುಗಿದ ಹಾಗೆ ರೊಟ್ಟಿ ತಿರುಗಿತು, ಹುಣ್ಣಿಮೆಯ ಚಂದ್ರನ ಹಾಗೆ ಅಗಲವಾಯಿತು. ಅಷ್ಟು ತೆಳ್ಳಗಿನ ರೊಟ್ಟಿಯನ್ನು ನಾನು ನಮ್ಮ ಮನೆಯಲ್ಲಿ ಕಂಡಿಲ್ಲ. ಇದನ್ನು ಹೆಂಡತಿಗೆ ಹೇಳಿಲ್ಲ. ಪಡಸಾಲೆಯಲ್ಲಿ ಕಿಸಬಾಯಿ ಸುತ್ತಿನ ಮೇಲೆ ಸುತ್ತು ಹಾಕಿತು. ಅತ್ತೆ ಕೆಮ್ಮಿ ಮುಗಿಸಿ, ನೀರು ಕುಡಿದು, ಎದುರಿಗೆ ಬೀಗಿತ್ತಿಯ ಜಾಗ ಖಾಲಿ ಇರುವುದನ್ನು ಕಂಡು, ಬಿದ್ದ ದನಿಯಲ್ಲೇ ಎತ್ತಿಕೊಂಡಳು:

ಹಾಡ ಬಾ ಅಂದರ ಅಡಿಗಿಮನಿ ಸೇರ್ಯಾರ
ನೋಡವ್ವ ಬೀಗರ ಹಸಿವೀನ, ಹೊಟ್ಟ್ಯಾಗ
ಹಾಡಿಗೆ ಜಾಗ ಉಳದಿಲ್ಲ

ಸುರಪುರದ ಆರು ಜನ ಸೊಲ್ಲು ಎತ್ತಬೇಕಿತ್ತು. ಮೊದಲನೆಯವಳು ಎತ್ತಿ ಅರ್ಧಕ್ಕೆ ಕಿಸಕ್ಕೆಂದಳು. ಎರಡನೆಯವಳು ಸೆರಗು ಬಾಯಿಗೆ ತುರುಕಿಕೊಂಡಳು. ಉಳಿದವರು ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ತಮ್ಮ ನಾಯಕಿಯ ಹೊಟ್ಟೆಯ ವಿಷಯ ಅವರಿಗೂ ಗೊತ್ತಿತ್ತಲ್ಲ. ನಗುವವರಿಗೆ ಸೊಲ್ಲು ಹಿಡಿಯಲಾಗುವುದಿಲ್ಲ. ಬೀಗಿತ್ತಿ ಒಳಗಿನಿಂದಲೇ ಪದ ಹೇಳಬಹುದಿತ್ತು. ಆದರೆ ಆ ಕ್ಷಣಕ್ಕೆ ಅವರು ಹಂಚು ಸರಿಸಿ ರೊಟ್ಟಿಯನ್ನು ಉರಿಗೆ ಹಿಡಿದಿದ್ದರು. ಉಸಿರು ಬಿಗಿಹಿಡಿದು ಕಾಯುವ ಹೊತ್ತು ಅದು. ಕಣ್ಣು ತೆಗೆದರೆ ಸುಟ್ಟಿತು. ರೊಟ್ಟಿ ಚೆಂಡಿನ ಹಾಗೆ ಉಬ್ಬಿತು. ಬೆಳಕಿನ ಕಣ್ಣು ಉರಿಯನ್ನು ಕಂಡಿತು. ಆ ನಗುವಿನ ನಡುವೆ ಕಿಸಬಾಯಿ ಒಂದೇ ಸ್ವರದಲ್ಲಿ, ಮನೆ ತುಂಬುವ ಹಾಗೆ, ಬಾಯಿ ತೆರೆಯಿತು:

"ವಾಆಆಆ!"

ಅತ್ತೆ ಎದ್ದು ಕುಣಿಯುವುದೊಂದು ಬಾಕಿ. "ಸೊಲ್ಲು ನಿಂತದ! ಪಾಳಿ ಸತ್ತದ! ಎಲ್ಲಿ ನಮ್ಮ ಬೀಗಿತ್ತಿ?" ಎಂದು ಅಡುಗೆಮನೆಗೆ ನುಗ್ಗಿದಳು. ನುಗ್ಗಿ, ಬಾಗಿಲಲ್ಲೇ ನಿಂತಳು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಕೈಯಲ್ಲಿ ಉಬ್ಬಿದ ರೊಟ್ಟಿ ಹಿಡಿದು, ಬೀಗಿತ್ತಿ ನಗು ತಡೆಯಲಾಗದೆ ಕೂತಿದ್ದರು.

"ನೀ... ನೀನಾ ಬಡದಾಕಿ?"

"ನಾನೇ. ನಿನ್ನ ಸೊಲ್ಲು ಹಿಡದದ್ದು ಪೆಟ್ಟಿಗಿ ಅಲ್ಲ, ಈ ನಾಕ್ ರೊಟ್ಟಿ ಬಡದು ನಾ ಹಿಡದೀನಿ."

ಅತ್ತೆ ಹಲಗೆ ನೋಡಿದಳು, ವೈರು ನೋಡಿದಳು, ನನ್ನನ್ನು ನೋಡಿದಳು. "ಹಂಗಾದ್ರ ಇದು ಗೆಲವಲ್ಲ ಬಿಡು," ಅಂದಳು. ದನಿ ಇನ್ನಷ್ಟು ಕೂತಿತ್ತು.

"ಯಾಕಲ್ಲ? ನನ್ನ ಮಂದಿ ನಕ್ಕಾರ, ನನ್ನ ಸೊಲ್ಲು ನಿಂತದ, ನಾ ಸೋತೀನಿ. ಸುರಪುರದವರು ಸೋತ್ರೂ ತಪ್ಪು ಹೇಳೂದಿಲ್ಲ. ಮೊದಲಿನ ಜೋಗುಳ ನಿಂದು." ಬೀಗಿತ್ತಿ ರೊಟ್ಟಿಯನ್ನು ಅತ್ತೆಯ ಮುಖದ ಹತ್ತಿರ ಹಿಡಿದರು. "ಆದ್ರ ಇದನ್ನ ನೋಡು. ಇಂಥಾದ್ದು ಒಂದ್ ಬಡದು ತೋರಸು, ಆಮ್ಯಾಲ ಮಾತಾಡು."

ಅತ್ತೆ ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು, "ಉಪ್ಪು ಕಮ್ಮಿ ಆಗ್ಯದ," ಅಂದಳು. ಜೋಳದ ರೊಟ್ಟಿಗೆ ನಮ್ಮ ಮನೆಯಲ್ಲಿ ಯಾರೂ ಉಪ್ಪು ಹಾಕುವುದಿಲ್ಲ. ಬೀಗಿತ್ತಿ ಇನ್ನೊಂದು ಮುದ್ದೆ ಹಿಟ್ಟು ತೆಗೆದುಕೊಂಡು, ಪೆಟ್ಟಿಗೆ ಹೇಗೆ ಓಡುತ್ತದೆ ನೋಡೋಣವೆಂದು, ಯಾವ ಪಾಳಿಯೂ ಇಲ್ಲದೆ ಸುಮ್ಮನೆ ಇನ್ನೂ ಹದಿನೈದು ರೊಟ್ಟಿ ಬಡಿದರು. ಹೊರಗೆ ಗಂಡಸರು ಹಸಿದು ಕಟ್ಟೆಯ ಮೇಲೆ ಕೂತಿದ್ದರು. ಭಾಯಿ ಮಧ್ಯೆ ಮಧ್ಯೆ ತಿರುಗಣಿ ತಿರುವಿ ಧಾಟಿ ಬದಲಿಸಿಕೊಟ್ಟ.

ಎರಡು ತಿಂಗಳ ಮೇಲೆ ಹೆಣ್ಣುಮಗು ಹುಟ್ಟಿತು. ಮೂಗು ಅಳಿಯನದೇ. ತೊಟ್ಟಿಲಿಗೆ ಹಾಕುವ ದಿನ ಸುರಪುರದಿಂದ ಬೀಗಿತ್ತಿ ಬೆಳಗಿನ ಬಸ್ಸಿಗೇ ಬಂದರು. ಅತ್ತೆಯ ಗಂಟಲು ಅಷ್ಟರಲ್ಲಿ ಸರಿಹೋಗಿತ್ತು. ಅವಳು ತೊಟ್ಟಿಲ ಹಗ್ಗ ಹಿಡಿದು ಮೊದಲ ಜೋಗುಳವನ್ನು ಪೂರ್ತಿ ಹಾಡಿದಳು, ಒಂದು ನುಡಿಯೂ ಬಿಡಲಿಲ್ಲ. ಎರಡನೆಯ ಜೋಗುಳಕ್ಕೆ ಬೀಗಿತ್ತಿ ಗಂಟಲು ಸರಿಮಾಡಿಕೊಂಡು ಬಗ್ಗಿ ನೋಡಿದರೆ, ಮಗು ನಿದ್ದೆ ಹೋಗಿತ್ತು. ಅವರ ದನಿ ಗೊತ್ತಿದ್ದ ಎಲ್ಲರೂ ಕೈ ಅಡ್ಡ ಮಾಡಿದರು. ಬೀಗಿತ್ತಿ ಬಾಯಿಗೆ ಸೆರಗು ಹಿಡಿದು ತೊಟ್ಟಿಲ ಪಕ್ಕ ಕೂತರು. ಸುರಪುರದ ಎರಡು ಬಸ್ಸು ಹೋದವು. ಸಂಜೆ ಮುಂದಿನ ಬಸ್ಸಿನ ಹೊತ್ತಿಗೆ ಮಗು ಎದ್ದು ಅತ್ತಿತು. ಬೀಗಿತ್ತಿ ತಮ್ಮ ಜೋಗುಳ ಹಾಡಿ, ಒಂದು ಲೋಟ ನೀರು ಕುಡಿದು, ಊರಿಗೆ ಹೋದರು.